ಹಳೆ ಬೈಕ್‌ಗೆ ಆಯಿಲ್ ಫಿಲ್ಟರ್: ಕೊಳ್ಳುವ ಮುನ್ನ ನಿಮ್ಮ ಗಾಡಿಯಲ್ಲಿ ಅದು ಇದೆಯೇ ಎಂದು ನೋಡಿ

"ಜಾವಾ, ಯೆಜ್ಡಿ, ಬುಲೆಟ್, ಆರ್‌ಎಕ್ಸ್ 100, ಯಾವ ಹಳೆ ಗಾಡಿಯೇ ಇರಲಿ, ಈ ಆಯಿಲ್ ಫಿಲ್ಟರ್ ಹಾಕಿಸಿ, ಎಂಜಿನ್ ಹೊಸದರಂತಾಗುತ್ತದೆ." ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೊಂದು ಹೊಳೆಯುವ ಫಿಲ್ಟರಿನ ಚಿತ್ರ, ಕೆಳಗೆ "ಹಳೆ ಗಾಡಿ ಇರುವವರಿಗೆಲ್ಲ ಕಳಿಸಿ" ಎಂಬ ಸಾಲು.

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆ ಗಾಡಿ ಎಂದರೆ ಪ್ರದರ್ಶನಕ್ಕೆ ಇಟ್ಟ ವಸ್ತುವಲ್ಲ. ಅಪ್ಪನ ಕಾಲದ ಬುಲೆಟ್ ಇಂದಿಗೂ ಹೊಲಕ್ಕೆ ಹೋಗುತ್ತದೆ, ಮಾವನ ಯೆಜ್ಡಿ ಸಂತೆಗೆ ಹೋಗುತ್ತದೆ. ಇಂಥ ಗಾಡಿಗೆ ತಪ್ಪು ಫಿಲ್ಟರ್ ಹಾಕಿದರೆ ಹೋಗುವುದು ಫಿಲ್ಟರಿನ ದುಡ್ಡು ಮಾತ್ರವಲ್ಲ. ಎಂಜಿನ್ ಜಾಮ್ ಆದರೆ ಬೋರ್ ಮಾಡಿಸುವುದು, ಪಿಸ್ಟನ್ ಬದಲಿಸುವುದು, ಕ್ರ್ಯಾಂಕ್ ಬಿಚ್ಚುವುದು ಎಲ್ಲ ಬರುತ್ತದೆ. ಕೆಲವು ಬಿಡಿಭಾಗಗಳಂತೂ ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ.

ಹಾಗಾದರೆ ಈ ಸಂದೇಶ ನಿಜವೇ? ಒಂದೊಂದಾಗಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ಎಲ್ಲ ಹಳೆ ಬೈಕಿಗೂ ಹೊಂದುವ ಆಯಿಲ್ ಫಿಲ್ಟರ್ ಎಂಬುದು ಇಲ್ಲವೇ ಇಲ್ಲ. ಹಳೆ ಜಾವಾ, ಯೆಜ್ಡಿ, ರಾಜದೂತ್ 175, ಆರ್‌ಎಕ್ಸ್ 100 ಗಾಡಿಗಳಲ್ಲಿ ಬದಲಿಸಬೇಕಾದ ಎಂಜಿನ್ ಆಯಿಲ್ ಫಿಲ್ಟರೇ ಇರುವುದಿಲ್ಲ. ಹಳೆ ಬುಲೆಟ್‌ನಲ್ಲಿ ಇರುತ್ತದೆ, ಆದರೆ ಅದು ಫೆಲ್ಟ್‌ನದು. ಹೀರೊ ಹೋಂಡಾ ಸಿಡಿ 100 ಗಾಡಿಯಲ್ಲಿ ಇರುವುದನ್ನು ಬದಲಿಸುವುದಿಲ್ಲ, ತೊಳೆಯುತ್ತಾರೆ. ಆದ್ದರಿಂದ "ಯಾವ ಫಿಲ್ಟರ್ ಒಳ್ಳೆಯದು?" ಎಂದು ಕೇಳುವ ಮೊದಲು "ನನ್ನ ಎಂಜಿನ್ ಯಾವುದು?" ಎಂದು ಕೇಳಬೇಕು.

ಆಯಿಲ್ ಫಿಲ್ಟರ್ ಮಾಡುವ ಕೆಲಸವೇನು?

ಎಂಜಿನ್ ಒಳಗೆ ಲೋಹದ ಮೇಲೆ ಲೋಹ ಓಡಾಡುತ್ತದೆ. ಅವುಗಳ ನಡುವೆ ಆಯಿಲ್‌ನ ತೆಳುವಾದ ಪದರ ಇರುವುದರಿಂದ ಅವು ಉಜ್ಜಿ ಸವೆಯುವುದಿಲ್ಲ. ಬೇರಿಂಗ್‌ಗಳಲ್ಲಿ ಈ ಪದರದ ದಪ್ಪ ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲಿಗಿಂತ ಎಷ್ಟೋ ಸಣ್ಣದಾದ, ಕಣ್ಣಿಗೆ ಕಾಣದ ಮರಳಿನ ಕಣವೂ ಆ ಪದರವನ್ನು ಸೀಳಿ ಲೋಹವನ್ನು ಗೀರಬಲ್ಲದು.

ಇಂಥ ಕಣಗಳು ಎರಡು ಕಡೆಯಿಂದ ಬರುತ್ತವೆ. ಒಂದು, ಎಂಜಿನ್ನೇ ಸವೆದು ಬಿಡುವ ಲೋಹದ ಪುಡಿ ಮತ್ತು ಇಂಧನ ಉರಿದ ಮಸಿ. ಇನ್ನೊಂದು, ಹೊರಗಿನ ಧೂಳು. ಆಯಿಲ್ ಎಂಜಿನ್ ತುಂಬ ಸುತ್ತುವಾಗ ಇವನ್ನೆಲ್ಲ ಹೊತ್ತು ತರುತ್ತದೆ. ಫಿಲ್ಟರ್ ಅವುಗಳಲ್ಲಿ ದೊಡ್ಡವನ್ನು ಹಿಡಿದು ಆಯಿಲನ್ನು ಮುಂದೆ ಬಿಡುತ್ತದೆ. ಚಹಾ ಸೋಸುವ ಜಾಲರಿಯ ಕೆಲಸವೇ ಇದು.

ಇಲ್ಲಿ ಒಂದು ಮಾತು ಮುಖ್ಯ. ಫಿಲ್ಟರಿಗೆ ಎರಡು ಹೊಣೆ: ಕಸ ಹಿಡಿಯಬೇಕು, ಆಯಿಲನ್ನು ತಡೆಯಬಾರದು. ತೀರಾ ಒತ್ತಾದ ಬಟ್ಟೆಯಲ್ಲಿ ಚಹಾ ಸೋಸಿದರೆ ಚಹಾ ಇಳಿಯುವುದೇ ಇಲ್ಲ. ಹಾಗೆಯೇ ಎಂಜಿನ್ನಿಗೆ ಹೊಂದದ ಫಿಲ್ಟರ್ ಹಾಕಿದರೆ ಆಯಿಲ್ ಬೇರಿಂಗ್ ತಲುಪುವುದಿಲ್ಲ. ಸ್ವಲ್ಪ ಕೊಳೆಯಾದ ಆಯಿಲ್‌ನಲ್ಲಿ ಎಂಜಿನ್ ಒಂದಷ್ಟು ಕಾಲ ಬದುಕುತ್ತದೆ. ಆಯಿಲೇ ಇಲ್ಲದೆ ಕೆಲವು ನಿಮಿಷವೂ ಬದುಕುವುದು ಕಷ್ಟ.

ಜಾವಾ, ಯೆಜ್ಡಿಗೆ ಆಯಿಲ್ ಫಿಲ್ಟರ್ ಯಾವುದು?

ಯಾವುದೂ ಅಲ್ಲ. ಕಾರಣ ಆ ಎಂಜಿನ್ನಿನ ಸ್ವಭಾವದಲ್ಲೇ ಇದೆ.

ಹಳೆ ಜಾವಾ, ಯೆಜ್ಡಿ ನಮ್ಮ ಕರ್ನಾಟಕದವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ, ಅಂದಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನದಲ್ಲಿ ತಯಾರಾದವು. 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಬಂದ ಈ ಗಾಡಿಗಳೆಲ್ಲ ಟೂ ಸ್ಟ್ರೋಕ್.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಒಳಗೆ ಸುತ್ತುವುದಿಲ್ಲ. ಪೆಟ್ರೋಲ್ ಜೊತೆ ಬೆರೆತು ಒಳಗೆ ಹೋಗುತ್ತದೆ, ದಾರಿಯಲ್ಲಿ ಬೇರಿಂಗ್, ಪಿಸ್ಟನ್‌ಗಳನ್ನು ನೆನೆಸುತ್ತದೆ, ಕೊನೆಗೆ ಉರಿದು ಸೈಲೆನ್ಸರ್‌ನಿಂದ ಹೊಗೆಯಾಗಿ ಹೊರಬೀಳುತ್ತದೆ. ಒಮ್ಮೆ ಹೋದ ಆಯಿಲ್ ಮತ್ತೆ ಬರುವುದಿಲ್ಲ. ಮರಳಿ ಬಾರದ್ದನ್ನು ಸೋಸುವುದೇನು?

ರಾಜದೂತ್ 175 ಕೂಡ ಟೂ ಸ್ಟ್ರೋಕ್. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100 ಸಹ ಅದೇ ಜಾತಿ. ಅದರಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್, ಚಿಕ್ಕ ಪಂಪ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಅಲ್ಲಿಯೂ ಆಯಿಲ್ ಒಮ್ಮೆ ಹೋಗಿ ಉರಿದೇ ತೀರುತ್ತದೆ.

ಹಾಗಾದರೆ ಮೊಬೈಲಿನಲ್ಲಿ ಹುಡುಕಿದರೆ "ಜಾವಾ ಆಯಿಲ್ ಫಿಲ್ಟರ್" ಎಂದು ಸಿಗುವುದು ಏನು? ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಈ ಹೊಸ ಗಾಡಿಗಳು ಫೋರ್ ಸ್ಟ್ರೋಕ್. ಅವಕ್ಕೆ ಆಯಿಲ್ ಫಿಲ್ಟರ್ ಇದೆ. ಟ್ಯಾಂಕ್ ಮೇಲಿನ ಹೆಸರು ಒಂದೇ, ಒಳಗಿನ ಎಂಜಿನ್ ಪೂರ್ತಿ ಬೇರೆ. ಗೊಂದಲದ ಒಂದು ಮೂಲ ಇಲ್ಲಿದೆ. "ಇದರಾಗ ಫಿಲ್ಟರೇ ಇರಂಗಿಲ್ಲ ರೀ" ಎಂದು ನಿಮ್ಮೂರಿನ ಮೆಕ್ಯಾನಿಕ್ ಹೇಳಿದರೆ ಅವರನ್ನು ಅನುಮಾನಿಸಬೇಡಿ. ಅವರು ಹೇಳಿದ್ದೇ ಸರಿ, ತಪ್ಪಿದ್ದು ಸಂದೇಶ.

ಟೂ ಸ್ಟ್ರೋಕ್ ಗಾಡಿಯವರು ನೋಡಬೇಕಾದ್ದು

ಫಿಲ್ಟರ್ ಇಲ್ಲ ಎಂದರೆ ಕೆಲಸವೂ ಇಲ್ಲ ಎಂದಲ್ಲ. ನಾಲ್ಕು ಸಂಗತಿ ನೋಡಿಕೊಳ್ಳಿ.

ಮೊದಲನೆಯದು, ಪೆಟ್ರೋಲ್‌ಗೆ ಬೆರೆಸುವ ಆಯಿಲ್‌ನ ಅಳತೆ. 25ಕ್ಕೆ 1 ಎಂದರೆ ಒಂದು ಲೀಟರ್ ಪೆಟ್ರೋಲ್‌ಗೆ 40 ಮಿಲಿಲೀಟರ್. 50ಕ್ಕೆ 1 ಎಂದರೆ 20 ಮಿಲಿಲೀಟರ್. ನಿಮ್ಮ ಮಾಡೆಲ್‌ಗೆ ಮ್ಯಾನುವಲ್ ಯಾವ ಅಳತೆ ಹೇಳಿದೆಯೋ ಅದನ್ನೇ ಹಾಕಿ. "ಹೊಗೆ ಜಾಸ್ತಿ ಬರ್ತದ, ಆಯಿಲ್ ಕಡಿಮಿ ಮಾಡೋಣ" ಎಂದು ಕೈಯಳತೆಯಲ್ಲಿ ಹಾಕುವುದು ಪಿಸ್ಟನ್ ಜಾಮ್ ಆಗಲು ಸಾಕು. ಡಬ್ಬಿಯ ಮೇಲೆ "2ಟಿ" ಎಂದು ಇರಲಿ, ಜೊತೆಗೆ ಜಾಸೊ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಎಂಬ ಗುರುತು ನೋಡಿ.

ಎರಡನೆಯದು, ಗೇರ್ ಬಾಕ್ಸ್ ಆಯಿಲ್. ಇದು ಬೇರೆಯೇ ಆಯಿಲ್, ಬೇರೆಯೇ ಜಾಗ. ಇದು ಉರಿಯುವುದಿಲ್ಲ, ಆದ್ದರಿಂದ ಕೊಳೆಯಾಗುತ್ತ ಹೋಗುತ್ತದೆ. ಕಾಲಕಾಲಕ್ಕೆ ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸಿ ಹೊಸದು ಹಾಕಿಸಬೇಕು.

ಮೂರನೆಯದು, ಪೆಟ್ರೋಲ್ ಕಾಕ್‌ನ ಜಾಲರಿ. ಹಳೆ ಟ್ಯಾಂಕ್ ಒಳಗೆ ತುಕ್ಕು ಇದ್ದರೆ ಈ ಜಾಲರಿ ಕಟ್ಟಿಕೊಳ್ಳುತ್ತದೆ. ಆಗ ಪೆಟ್ರೋಲ್ ಕಡಿಮೆ ಬರುತ್ತದೆ. ಪೆಟ್ರೋಲ್‌ನಲ್ಲೇ ಆಯಿಲ್ ಬೆರೆತಿರುವ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾದಂತೆ. ಜೋರಾಗಿ ಓಡುತ್ತಿದ್ದ ಗಾಡಿ ಒಮ್ಮೆಲೇ ಹಿಡಿದುಕೊಳ್ಳಲು ಇದೂ ಒಂದು ಕಾರಣ.

ನಾಲ್ಕನೆಯದು, ಏರ್ ಫಿಲ್ಟರ್. ಅದರ ವಿಷಯ ಮುಂದೆ ಹೇಳುತ್ತೇವೆ.

ಒಂದು ಎಚ್ಚರಿಕೆ: "ಫಿಲ್ಟರ್ ಇಲ್ಲದಿದ್ದರೇನು, ಹಾಕಿಬಿಡೋಣ" ಎಂದು ಆರ್‌ಎಕ್ಸ್ 100 ಗಾಡಿಯ ಆಯಿಲ್ ಪೈಪಿನ ನಡುವೆ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಬೇಡಿ. ಆಯಿಲ್ ಪೆಟ್ರೋಲ್‌ಗಿಂತ ಬಹಳ ಮಂದ. ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುವ ಆಯಿಲ್ ಆ ಕಾಗದದ ಮೂಲಕ ಹರಿಯಲು ತಿಣುಕುತ್ತದೆ. ಪಂಪ್‌ಗೆ ಆಯಿಲ್ ಸಾಲದಿದ್ದರೆ ಪಿಸ್ಟನ್ ಒಣಗುತ್ತದೆ.

ಹಳೆ ಬುಲೆಟ್‌ನ ಫಿಲ್ಟರ್: ಒತ್ತಿದ ಉಣ್ಣೆಯ ಕಥೆ

ರಾಯಲ್ ಎನ್‌ಫೀಲ್ಡ್ ಬುಲೆಟ್ ಭಾರತದಲ್ಲಿ ನೆಲೆಯೂರಿದ್ದು 1955ರಲ್ಲಿ, ಇಂಗ್ಲೆಂಡಿನ ರೆಡಿಚ್ ಕಂಪನಿಯು ಮದ್ರಾಸ್ ಮೋಟರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುಮಾಡಿದಾಗ. ಸೈನ್ಯಕ್ಕಾಗಿ ತರಿಸಿದ 350 ಸಿಸಿ ಗಾಡಿ ಮುಂದೆ ಊರೂರಿಗೆ ಹೋಯಿತು. ಇದು ಫೋರ್ ಸ್ಟ್ರೋಕ್, ಆಯಿಲ್ ಒಳಗೇ ಸುತ್ತುತ್ತದೆ. ಆದ್ದರಿಂದ ಫಿಲ್ಟರ್ ಬೇಕೇ ಬೇಕು.

ಹಳೆ ಎರಕದ ಕಬ್ಬಿಣದ ಬುಲೆಟ್‌ನಲ್ಲಿ ಫಿಲ್ಟರ್ ಇರುವುದು ಎಂಜಿನ್ನಿನ ಬಲಬದಿಯ ಟೈಮಿಂಗ್ ಕವರ್ ಒಳಗೆ. ಅದು ಫೆಲ್ಟ್‌ನಿಂದ ಮಾಡಿದ್ದು. ಫೆಲ್ಟ್ ಎಂದರೆ ನೇಯದೆ, ಒತ್ತಿ ಒತ್ತಿ ಗಟ್ಟಿಮಾಡಿದ ಉಣ್ಣೆ. ಕಂಬಳಿಯನ್ನು ಇನ್ನಷ್ಟು ದಟ್ಟಮಾಡಿ ಕೊಳವೆಯಂತೆ ಸುತ್ತಿದರೆ ಹೇಗೋ ಹಾಗೆ. ಪಂಪ್ ತಳ್ಳಿದ ಆಯಿಲ್ ಇದರ ಮೂಲಕವೇ ಹಾದು ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬೇರಿಂಗ್‌ಗೆ ಹೋಗುತ್ತದೆ. ಎಂಜಿನ್ನಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗಗಳಲ್ಲಿ ಅದೂ ಒಂದು. ಫಿಲ್ಟರ್ ಕಟ್ಟಿಕೊಂಡರೆ ಅಥವಾ ತಪ್ಪಾಗಿ ಕೂತರೆ ಮೊದಲು ಹೊಡೆತ ಬೀಳುವುದು ಅದಕ್ಕೇ.

ಮುಂದೆ ಎಂಜಿನ್ ಬದಲಾಗುತ್ತ ಬಂತು. ಸುಮಾರು 2009ರ ಹೊತ್ತಿಗೆ ಬಂದ ಯುಸಿಇ ಎಂಜಿನ್ನಿನ ಫಿಲ್ಟರ್ ಬೇರೆ. 2023ರಲ್ಲಿ ಬಂದ ಹೊಸ ಬುಲೆಟ್ 350ರ ಎಂಜಿನ್ ಇನ್ನೂ ಬೇರೆ. ಮೂರಕ್ಕೂ ಹೆಸರು "ಬುಲೆಟ್ 350". ಹೆಸರೊಂದನ್ನೇ ಹೇಳಿ ಫಿಲ್ಟರ್ ತಂದರೆ ತಪ್ಪಾಗುವುದು ಸಹಜ.

ಬಿಡಿಭಾಗದ ಅಂಗಡಿಯಲ್ಲಿ "ಅಣ್ಣಾ, ಬುಲೆಟ್‌ದು ಆಯಿಲ್ ಫಿಲ್ಟರ್ ಕೊಡ್ರಿ" ಎಂದಷ್ಟೇ ಕೇಳಬೇಡಿ. "1988ರ ಮಾಡೆಲ್ ರೀ, ಗೇರ್ ಬಲಗಡೆ ಐತಿ, ಫೆಲ್ಟ್ ಫಿಲ್ಟರ್ ಬೇಕು. ಹಳೇದು ತಂದೀನಿ, ನೋಡ್ರಿ" ಎಂದು ಕೇಳಿ. ವರ್ಷ, ಎಂಜಿನ್ನಿನ ಬಗೆ, ಕೈಯಲ್ಲಿ ಹಳೆಯ ಫಿಲ್ಟರ್, ಈ ಮೂರು ಇದ್ದರೆ ಅಂಗಡಿಯವರಿಗೂ ತಪ್ಪು ಮಾಡಲು ಆಸ್ಪದವಿರುವುದಿಲ್ಲ.

ಸಿಡಿ 100, ಸ್ಪ್ಲೆಂಡರ್: ಕವಣೆಯಂತೆ ಕೆಲಸ ಮಾಡುವ ಫಿಲ್ಟರ್

ಹೀರೊ ಹೋಂಡಾ ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಇವು ಫೋರ್ ಸ್ಟ್ರೋಕ್ ಗಾಡಿಗಳೇ. ಆದರೂ ಇವುಗಳಲ್ಲಿ ಕಾಗದದ ಫಿಲ್ಟರ್ ಇಲ್ಲ.

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೋಡಿದ್ದೀರಲ್ಲ? ಕವಣೆ ತಿರುಗುವಾಗ ಒಳಗಿನ ಕಲ್ಲು ಹೊರಮುಖವಾಗಿ ಒತ್ತುತ್ತದೆ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ನ ತುದಿಗೆ ಬಟ್ಟಲಿನಂಥ ಒಂದು ಭಾಗವಿದೆ. ಅದು ಎಂಜಿನ್ ಜೊತೆಗೇ ವೇಗವಾಗಿ ತಿರುಗುತ್ತದೆ. ಒಳಬಂದ ಆಯಿಲ್‌ನಲ್ಲಿರುವ ಲೋಹದ ಪುಡಿ, ಮಣ್ಣು ಆಯಿಲ್‌ಗಿಂತ ಭಾರ. ಹೀಗಾಗಿ ಅವು ಬಟ್ಟಲಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತವೆ, ತಿಳಿಯಾದ ಆಯಿಲ್ ಮುಂದೆ ಹೋಗುತ್ತದೆ. ಇದರ ಜೊತೆಗೆ ಕೆಳಗೊಂದು ತಂತಿ ಜಾಲರಿಯೂ ಇದೆ.

ಇವೆರಡನ್ನೂ ಬದಲಿಸಬೇಕಿಲ್ಲ, ಸೀಮೆಎಣ್ಣೆಯಲ್ಲೋ ಕ್ಲೀನಿಂಗ್ ದ್ರಾವಣದಲ್ಲೋ ತೊಳೆದು ಒಣಗಿಸಬೇಕು. ಬಲಬದಿಯ ಕವರ್ ಬಿಚ್ಚಬೇಕಾದ್ದರಿಂದ ಪ್ರತಿ ಸಲ ಆಯಿಲ್ ಬದಲಿಸುವಾಗ ಇದನ್ನು ಮಾಡುವುದಿಲ್ಲ, ಮ್ಯಾನುವಲ್ ಹೇಳಿದ ಕಿಲೋಮೀಟರಿಗೆ ಮಾಡುತ್ತಾರೆ. ಆದರೆ ಆ ಕಿಲೋಮೀಟರ್ ದಾಟಿ ವರ್ಷಗಳೇ ಆಗಿರುವ ಗಾಡಿಗಳಿವೆ. ಸೆಕೆಂಡ್ ಹ್ಯಾಂಡ್ ಸಿಡಿ 100 ಕೊಂಡವರು ಒಮ್ಮೆ ಇದನ್ನು ಬಿಚ್ಚಿಸಿ ನೋಡುವುದು ಒಳ್ಳೆಯದು. ಬಟ್ಟಲಿನಲ್ಲಿ ಕಪ್ಪು ಮೇಣದಂಥ ಗಟ್ಟಿ ಪದರ ಕೂತಿರಬಹುದು. ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿಸಿ.

ಬದಲಿ ಫಿಲ್ಟರ್ ಆರಿಸುವಾಗ ಐದು ಪರೀಕ್ಷೆ

ನಿಮ್ಮ ಗಾಡಿಯಲ್ಲಿ ಬದಲಿಸುವ ಫಿಲ್ಟರ್ ಇದೆ ಎಂದು ಖಚಿತವಾದ ಮೇಲೆ ಹೀಗೆ ಮಾಡಿ.

1. ಪಾರ್ಟ್ ನಂಬರ್ ನೋಡಿ. ಮ್ಯಾನುವಲ್ ಅಥವಾ ಪಾರ್ಟ್ಸ್ ಕೆಟಲಾಗ್‌ನಲ್ಲಿ ಇರುವ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ಹೊಂದಬೇಕು. "ಇದೂ ಕೂಡ್ತದ" ಎಂಬ ಮಾತು ಸಾಲದು.

2. ಹಳೆಯದರ ಪಕ್ಕ ಇಟ್ಟು ಅಳೆಯಿರಿ. ಎತ್ತರ, ಹೊರಗಿನ ಅಗಲ, ನಡುವಿನ ರಂಧ್ರ ಮೂರೂ ಒಂದೇ ಇರಬೇಕು. ಗಿಡ್ಡವಾದರೆ ಅಂಚಿನಲ್ಲಿ ಸಂದು ಉಳಿದು ಆಯಿಲ್ ಸೋಸದೆಯೇ ಜಾರಿಹೋಗುತ್ತದೆ. ಉದ್ದವಾದರೆ ಒತ್ತಿ ಸೊಟ್ಟಗಾಗುತ್ತದೆ. ಹಳೆಯದೇ ತಪ್ಪು ಮಾಡೆಲ್‌ನದ್ದಾಗಿರಬಹುದು, ಆದ್ದರಿಂದ ಮೊದಲ ಪರೀಕ್ಷೆ ಬಿಡಬೇಡಿ.

3. ಎರಡೂ ತುದಿ ನೋಡಿ. ಕೆಲವು ಕಾಗದದ ಫಿಲ್ಟರುಗಳಲ್ಲಿ ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ತಿರುಗಾಮುರುಗಾ ಕೂಡಿಸಿದರೆ ಆಯಿಲ್‌ನ ದಾರಿಯೇ ಮುಚ್ಚುತ್ತದೆ.

4. ಫೆಲ್ಟ್ ಅಥವಾ ಕಾಗದವನ್ನು ಬೆರಳಿನಿಂದ ಮುಟ್ಟಿ ನೋಡಿ. ನೂಲು ಉದುರುವ, ಅಂಟು ಬಿಟ್ಟಿರುವ, ಮಡಿಕೆ ಹರಿದಿರುವ ಫಿಲ್ಟರ್ ಬೇಡ. ಉದುರಿದ ನೂಲು ಆಯಿಲ್ ರಂಧ್ರಕ್ಕೇ ಹೋಗಿ ಕೂಡುತ್ತದೆ.

5. ಡಬ್ಬಿ ಓದಿ. ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ, ಇವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಕಾನೂನೇ ಹೇಳುತ್ತದೆ. ಇವಿಲ್ಲದ ಬರಿ ಹೆಸರಿನ ಡಬ್ಬಿ ಬೇಡ. ಬಿಲ್ ಕೇಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಾಕಿಸುವಾಗಲೂ ಎರಡು ಎಚ್ಚರ. ಬಿಚ್ಚುವಾಗ ಸ್ಪ್ರಿಂಗ್, ವಾಷರ್, ಮುಚ್ಚಳ ಯಾವ ಕ್ರಮದಲ್ಲಿ ಬಂದವು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಅದೇ ಕ್ರಮದಲ್ಲಿ ಹಿಂತಿರುಗಿ ಕೂಡಿಸಿ. ಹಳೆ ಬುಲೆಟ್‌ನಲ್ಲಿ ಹೊಸ ಫೆಲ್ಟನ್ನು ಆಯಿಲ್‌ನಲ್ಲಿ ನೆನೆಸಿ, ಫಿಲ್ಟರ್ ಕೂಡುವ ಜಾಗಕ್ಕೂ ಆಯಿಲ್ ತುಂಬಿ ಮುಚ್ಚಿ. ನಂತರ ಡಿಕಂಪ್ರೆಸರ್ ಹಿಡಿದು ಹತ್ತಿಪ್ಪತ್ತು ಸಲ ನಿಧಾನ ಕಿಕ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ. ಒಣ ಫಿಲ್ಟರ್ ಹಾಕಿ ಕೂಡಲೇ ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ ಆ ಖಾಲಿ ಜಾಗ ತುಂಬುವವರೆಗೆ ಬೇರಿಂಗ್‌ಗೆ ಆಯಿಲ್ ಸಿಗುವುದಿಲ್ಲ.

ಕೇಳಿಬರುವ ಮಾತುಗಳು, ಇರುವ ಸತ್ಯ

*"ಆಯಿಲ್ ಕಪ್ಪಾದರೆ ಕೆಟ್ಟಿತು."* ಪೂರ್ತಿ ನಿಜವಲ್ಲ. ಫೋರ್ ಸ್ಟ್ರೋಕ್ ಆಯಿಲ್‌ನಲ್ಲಿ ಮಸಿಯನ್ನು ತೊಳೆದು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳಿರುತ್ತವೆ. ಕಪ್ಪಾಯಿತೆಂದರೆ ಅದು ಕೆಲಸ ಮಾಡುತ್ತಿದೆ ಎಂದೂ ಅರ್ಥ. ಬಣ್ಣ ನೋಡಿ ನಿರ್ಧರಿಸಬೇಡಿ, ಕಿಲೋಮೀಟರ್ ಮತ್ತು ತಿಂಗಳ ಲೆಕ್ಕ ಇಡಿ. ಆದರೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಬೆರಳಿಗೆ ಹೊಳೆಯುವ ಲೋಹದ ಪುಡಿ ಸಿಕ್ಕರೆ ಒಳಗೆ ಏನೋ ಸವೆಯುತ್ತಿದೆ. ಇವೆರಡರಲ್ಲಿ ತಡಮಾಡದೆ ಮೆಕ್ಯಾನಿಕ್ ಬಳಿ ಹೋಗಿ.

*"ಕಾಗದದ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕಬಹುದು."* ಬೇಡ. ಮಡಿಕೆಗಳ ಒಳಗೆ ಸಿಕ್ಕ ಸಣ್ಣ ಕಣ ಹೊರಬರುವುದಿಲ್ಲ, ಪೆಟ್ರೋಲ್‌ಗೆ ಅಂಟು ಸಡಿಲಾಗಬಹುದು. ತಂತಿ ಜಾಲರಿಯನ್ನು ತೊಳೆಯಬಹುದು, ಕಾಗದವನ್ನು ಬದಲಿಸಲೇಬೇಕು. ಹಳೆಯ ಫೆಲ್ಟನ್ನೂ ಬದಲಿಸುವುದೇ ಸುರಕ್ಷಿತ.

*"ಕಾರಿನ ಫಿಲ್ಟರ್ ದೊಡ್ಡದು, ಹೆಚ್ಚು ಸೋಸುತ್ತದೆ."* ಫಿಲ್ಟರಿನ ಗುಣ ಗಾತ್ರದಲ್ಲಿಲ್ಲ. ಅನೇಕ ಫಿಲ್ಟರುಗಳಲ್ಲಿ, ಅವು ಕಟ್ಟಿಕೊಂಡರೆ ಆಯಿಲ್ ಬೇರೆ ದಾರಿಯಿಂದ ಹೋಗಲಿ ಎಂದು ಒಂದು ಕವಾಟ ಇರುತ್ತದೆ. ಅದು ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದನ್ನು ಆಯಾ ಎಂಜಿನ್ನಿಗೆ ತಕ್ಕಂತೆ ಇಟ್ಟಿರುತ್ತಾರೆ. ಕಾರಿನ ಲೆಕ್ಕ ಬೈಕಿಗೆ ಹೊಂದುವುದಿಲ್ಲ.

*"ಕಾರಿನ ಒಳ್ಳೆ ಆಯಿಲ್ ಹಾಕಿದರೆ ಬೈಕ್ ಹಗುರ ಓಡುತ್ತದೆ."* ಸಿಡಿ 100, ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಕ್ಲಚ್ ಕೂಡ ಅದೇ ಎಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕೆಲವು ಕಾರಿನ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥಗಳಿರುವುದರಿಂದ ಕ್ಲಚ್ ಜಾರಬಹುದು. ಬೈಕ್ ಆಯಿಲ್ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ನೋಡಿ.

*"ಫಿಲ್ಟರ್ ಬದಲಿಸಿದರೆ ಮೈಲೇಜ್ ಹೆಚ್ಚುತ್ತದೆ."* ಫಿಲ್ಟರಿನ ಲಾಭ ಎಂಜಿನ್ನಿನ ಆಯುಷ್ಯದಲ್ಲಿ ಕಾಣುತ್ತದೆ, ಪೆಟ್ರೋಲ್ ಬಂಕಿನಲ್ಲಿ ಅಲ್ಲ. ಮೈಲೇಜ್ ಇಳಿದಿದ್ದರೆ ಕಾರ್ಬುರೇಟರ್, ಏರ್ ಫಿಲ್ಟರ್, ಚೈನ್, ಟೈರ್ ಗಾಳಿ, ಬ್ರೇಕ್ ಹಿಡಿತ ಮೊದಲು ನೋಡಿಸಿ.

*"ಹಳೆ ಗಾಡಿ ಎಲ್ಲವೂ ವಿಂಟೇಜ್."* ಕಾನೂನಿನ ಪ್ರಕಾರ ಅಲ್ಲ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. "ವಿಂಟೇಜ್ ಸ್ಪೆಷಲ್" ಎಂದು ಬರೆದು ಹೆಚ್ಚು ದುಡ್ಡಿಗೆ ಮಾರುವ ಬಿಡಿಭಾಗಕ್ಕೆ ಆ ಪದದಿಂದ ಯಾವ ಗುಣವೂ ಸೇರುವುದಿಲ್ಲ.

ನಮ್ಮ ಸೀಮೆಯ ಧೂಳು, ಬಿಸಿಲು

ಆಯಿಲ್ ಕೊಳೆಯಾಗುವುದರಲ್ಲಿ ಊರಿನ ಪಾತ್ರವೂ ಇದೆ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ದಿನಗಳಲ್ಲಿ ಎರಿ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಹಿಂದೆ ಬೈಕ್ ಓಡಿಸಿದವರಿಗೆ ಧೂಳು ಎಂದರೇನು ಎಂದು ಹೇಳಬೇಕಿಲ್ಲ. ಮಣ್ಣಿನಲ್ಲಿರುವ ಮರಳಿನ ಕಣ ಬಹಳ ಗಡುಸು. ಅದು ಎಂಜಿನ್ ಒಳಗೆ ಹೋಗುವ ದೊಡ್ಡ ಬಾಗಿಲು ಏರ್ ಫಿಲ್ಟರ್. ಅದು ಹರಿದಿದ್ದರೆ ಧೂಳು ನೇರ ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗ್ ಸವೆಸುತ್ತದೆ, ಆಮೇಲೆ ಆಯಿಲ್‌ಗೂ ಸೇರುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಂತೂ ಆ ಗಾಳಿ ಕ್ರ್ಯಾಂಕ್ ಬೇರಿಂಗ್‌ಗಳ ಮೂಲಕವೇ ಹಾದುಹೋಗುತ್ತದೆ. ಹೀಗಾಗಿ ನಮ್ಮ ಕಡೆ ಏರ್ ಫಿಲ್ಟರನ್ನು ಮ್ಯಾನುವಲ್ ಹೇಳಿದ್ದಕ್ಕಿಂತ ಬೇಗ ಬೇಗ ತೆಗೆದು ನೋಡಬೇಕು. ಶಬ್ದ ಚೆನ್ನಾಗಿ ಬರುತ್ತದೆಂದು ಏರ್ ಫಿಲ್ಟರ್ ತೆಗೆದೇ ಓಡಿಸುವುದು ಎಂಜಿನ್ನಿಗೆ ಮಣ್ಣು ತಿನ್ನಿಸಿದ ಹಾಗೆ.

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಬಿಸಿಯಾದಷ್ಟೂ ಆಯಿಲ್ ತೆಳ್ಳಗಾಗುತ್ತದೆ. 20ಡಬ್ಲ್ಯು-50 ಎಂಬ ಗುರುತಿನಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿನ ಹರಿವನ್ನು, ಎರಡನೆಯದು ಕಾದಾಗಿನ ಮಂದತೆಯನ್ನು ಹೇಳುತ್ತದೆ. ಹಳೆ ಬುಲೆಟ್‌ನಂಥ ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ 20ಡಬ್ಲ್ಯು-50 ಬಳಸುವುದು ರೂಢಿ. "ಬಿಸಿಲಿಗೆ ದಪ್ಪ ಆಯಿಲ್ ಇರಲಿ" ಎಂದು ಕೈಗೆ ಸಿಕ್ಕ ಟ್ರ್ಯಾಕ್ಟರ್ ಆಯಿಲ್ ಹಾಕಬೇಡಿ. ತೀರಾ ಮಂದವಾದ ಆಯಿಲ್ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಫೆಲ್ಟ್ ಮೂಲಕ ನಿಧಾನ ಹರಿಯುತ್ತದೆ.

ಇನ್ನೊಂದು ಲೆಕ್ಕ. ಸಿಡಿ 100ರಲ್ಲಿ ಇರುವ ಆಯಿಲ್ ಒಂದು ಲೀಟರ್‌ಗೂ ಕಡಿಮೆ. ಅಷ್ಟೇ ಧೂಳು ಎಂಟು ಲೀಟರ್ ಆಯಿಲ್ ಇರುವ ಟ್ರ್ಯಾಕ್ಟರಿಗಿಂತ ಇದನ್ನು ಬೇಗ ಕೊಳೆಮಾಡುತ್ತದೆ. ದುಬಾರಿ ಫಿಲ್ಟರ್ ಹುಡುಕುವುದಕ್ಕಿಂತ ಸಾಧಾರಣ ಆದರೆ ಸರಿಯಾದ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೇ ಹಳೆ ಎಂಜಿನ್ನಿಗೆ ದೊಡ್ಡ ಉಪಕಾರ.

ತೆಗೆದ ಆಯಿಲ್ ಏನು ಮಾಡಬೇಕು?

ಬಳಸಿದ ಆಯಿಲ್‌ನಲ್ಲಿ ಲೋಹದ ಅಂಶವೂ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಆದರೂ ಕೆಲವರು ಅದನ್ನು ಎತ್ತಿನ ಗಾಯಕ್ಕೆ ಸವರುತ್ತಾರೆ, ಗೆದ್ದಲಿಗೆಂದು ಬಾಗಿಲಿಗೆ ಬಳಿಯುತ್ತಾರೆ, ಬೈಕ್ ಚೈನಿಗೆ ಬಿಡುತ್ತಾರೆ. ಗಾಯಕ್ಕೆ ಹಚ್ಚಿದರೆ ಅದು ಔಷಧವಲ್ಲ, ವಿಷ. ದನಕ್ಕೆ ಗಾಯವಾದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಚೈನಿಗೆ ಹಾಕಿದರೆ ಅದರಲ್ಲಿರುವ ಲೋಹದ ಪುಡಿ ಚೈನನ್ನೇ ಅರೆಯುತ್ತದೆ.

ಚರಂಡಿಗೋ ಕಾಲುವೆಗೋ ಸುರಿಯುವುದಂತೂ ಬೇಡ. ನಾರಾಯಣಪುರದಿಂದ ಸುರಪುರ, ಶಹಾಪುರದ ಹೊಲಗಳಿಗೆ ಬರುವ ನೀರು ಮುಂದೆ ಇನ್ನೊಬ್ಬರ ಭತ್ತಕ್ಕೆ, ದನದ ಬಾಯಿಗೆ ಹೋಗುತ್ತದೆ. ಹಳೆಯ ಆಯಿಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಬಳಸಿದ ಆಯಿಲ್ ಸಂಗ್ರಹಿಸಿ ಅಧಿಕೃತ ಮರುಬಳಕೆಗೆ ಕೊಡುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರಿಗೆ ಕೊಡಿ. ಹಳೆ ಫಿಲ್ಟರನ್ನೂ ಆಯಿಲ್ ಪೂರ್ತಿ ಸೋರಿಸಿ ಅಲ್ಲಿಗೇ ಕೊಡಿ.

ಇಂಥ ಸಂದೇಶ ಮತ್ತೆ ಬಂದರೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ವರ್ಷದ, ಯಾವ ಎಂಜಿನ್ನಿನ ಗಾಡಿ ಎಂದು ಹೇಳಿದೆಯೇ? ಪಾರ್ಟ್ ನಂಬರ್ ಕೊಟ್ಟಿದೆಯೇ? ಕೊನೆಗೆ ಏನನ್ನಾದರೂ ಕೊಳ್ಳಲು ಲಿಂಕ್ ಇದೆಯೇ? ಮೊದಲೆರಡು ಇಲ್ಲದೆ ಮೂರನೆಯದು ಮಾತ್ರ ಇದ್ದರೆ ಅದು ಸಲಹೆಯಲ್ಲ, ಜಾಹೀರಾತು.

ಗೆಳೆಯರಿಗೆ ಏನಾದರೂ ಕಳಿಸಲೇಬೇಕೆಂದರೆ ಈ ನಾಲ್ಕು ಸಾಲು ಕಳಿಸಿ:

ಹಳೆ ಜಾವಾ, ಯೆಜ್ಡಿ, ರಾಜದೂತ್ 175, ಆರ್‌ಎಕ್ಸ್ 100: ಬದಲಿಸುವ ಆಯಿಲ್ ಫಿಲ್ಟರ್ ಇಲ್ಲ. 2ಟಿ ಆಯಿಲ್ ಅಳತೆ, ಗೇರ್ ಆಯಿಲ್, ಪೆಟ್ರೋಲ್ ಜಾಲರಿ, ಏರ್ ಫಿಲ್ಟರ್ ನೋಡಿ.
ಹಳೆ ಬುಲೆಟ್: ಫೆಲ್ಟ್ ಫಿಲ್ಟರ್. ವರ್ಷ ಹೇಳಿ, ಹಳೆಯದನ್ನು ತೋರಿಸಿ ಕೊಳ್ಳಿ, ಆಯಿಲ್‌ನಲ್ಲಿ ನೆನೆಸಿ ಹಾಕಿಸಿ.
ಸಿಡಿ 100, ಹಳೆ ಸ್ಪ್ಲೆಂಡರ್: ಫಿಲ್ಟರ್ ಬದಲಿಸುವುದಲ್ಲ, ತೊಳೆಯುವುದು.
ಎಲ್ಲ ಗಾಡಿಗೂ: ಏರ್ ಫಿಲ್ಟರ್ ಶುಚಿ ಇರಲಿ, ತೆಗೆದ ಆಯಿಲ್ ನೆಲಕ್ಕೆ ಬೀಳದಿರಲಿ.